ಹದ ಬರುವ ತನಕ

ಕನ್ನಡದಲ್ಲಿ ‘ಹದ’ ಎಂಬುದೊಂದು ಮಾತಿದೆ. ಎರಡೇ ಅಕ್ಷರದ ಮಾತು. ಆದರೆ ನಮ್ಮ ಹಿರಿಯರು ಅದರೊಳಗೆ ತಮ್ಮ ದುಡಿಮೆಯ ಅನುಭವವನ್ನೆಲ್ಲ ತುಂಬಿ ಇಟ್ಟಿದ್ದಾರೆ. ರೈತನು ಮಣ್ಣಿನ ಹದವನ್ನು ನೋಡಿ ಆರು ಕಟ್ಟುತ್ತಾನೆ. ಕಮ್ಮಾರನು ಕುಲುಮೆಯಲ್ಲಿ ಕಬ್ಬಿಣ ಹದಕ್ಕೆ ಬಂದಾಗ ಸುತ್ತಿಗೆಯನ್ನು ಎತ್ತುತ್ತಾನೆ. ಆಲೆಮನೆಯಲ್ಲಿ ಪಾಕವನ್ನು ನೋಡಿಕೊಳ್ಳುವವನು ಕೊಪ್ಪರಿಗೆಯ ಮುಂದೆ ಹೊಗೆಯಲ್ಲಿ ಕಣ್ಣು ಉರಿಯುತ್ತಿದ್ದರೂ ಕದಲದೆ ನಿಂತಿರುತ್ತಾನೆ. ಒಂದು ಗಳಿಗೆ ಮೊದಲು ಇಳಿಸಿದರೆ ಬೆಲ್ಲವು ಅಚ್ಚು ಕಟ್ಟುವುದಿಲ್ಲ. ಒಂದು ಗಳಿಗೆ ತಡವಾದರೆ ಸೀದುಹೋಗುತ್ತದೆ. ಆ ಗಳಿಗೆ ಯಾವುದೆಂಬುದು ಗಡಿಯಾರದಲ್ಲಿ ಇಲ್ಲ, ಪಂಚಾಂಗದಲ್ಲಿಯೂ ಇಲ್ಲ. ಅದು ನೋಡುವವನ ಕಣ್ಣಿನಲ್ಲಿದೆ.

ಹದವನ್ನು ಕಾಯುವುದೆಂದರೆ ಸುಮ್ಮನೆ ಕುಳಿತಿರುವುದಲ್ಲ. ಕೈಕಟ್ಟಿ ಕುಳಿತವನಿಗೆ ಹದ ಬಂದುದು ತಿಳಿಯುವುದೇ ಇಲ್ಲ. ತಿಳಿದರೂ ಅವನ ನೇಗಿಲು ಆಗ ಬಡಗಿಯ ಮನೆಯಲ್ಲಿರುತ್ತದೆ. ಕಾಯುವ ಕಾಲದಲ್ಲಿ ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಅದನ್ನೆಲ್ಲ ಮಾಡಿ ಮುಗಿಸಿ, ಸಿದ್ಧನಾಗಿಯೂ ಕೈ ತಡೆದು ನಿಲ್ಲುವುದಿದೆಯಲ್ಲ, ಅದೇ ಕಷ್ಟ. ಸಿದ್ಧನಾಗಿಲ್ಲದವನಿಗೆ ತಾಳ್ಮೆಯ ಪರೀಕ್ಷೆಯೇ ಇಲ್ಲ. ಎಲ್ಲವೂ ಸಿದ್ಧವಾಗಿರುವಾಗ, ಪಕ್ಕದವನು ಆಗಲೇ ಹೊರಟಿರುವಾಗ, ‘ಇನ್ನೂ ಹದ ಬಂದಿಲ್ಲ’ ಎಂದು ತನಗೆ ತಾನೇ ಹೇಳಿಕೊಳ್ಳಬಲ್ಲವನೇ ತಾಳ್ಮೆಯುಳ್ಳವನು.

ಇದನ್ನು ನಾನು ಮೊದಲು ಕಂಡದ್ದು ನಮ್ಮ ಹೊಲದಲ್ಲಿ. ನಮ್ಮದು ಮಳೆಯನ್ನೇ ನಂಬಿದ ರಾಗಿಯ ಸೀಮೆ. ನಮ್ಮ ತಾತ ಮಳೆ ನಿಂತ ಮಾರನೆಯ ದಿನ ಹೊಲಕ್ಕೆ ಹೋಗಿ, ಗೇಣುದ್ದ ಕೆದಕಿ, ಒಂದು ಹಿಡಿ ಮಣ್ಣನ್ನು ತೆಗೆದು ಅಂಗೈಯಲ್ಲಿ ಬಿಗಿಯಾಗಿ ಹಿಸುಕಿ, ಸೊಂಟದ ಎತ್ತರದಿಂದ ಕೆಳಕ್ಕೆ ಬಿಡುತ್ತಿದ್ದರು. ಉಂಡೆ ಒಡೆಯದೆ ಬಿದ್ದರೆ ತೇವ ಹೆಚ್ಚು. ಉಂಡೆಯೇ ಕಟ್ಟದೆ ಬೆರಳ ಸಂದಿಯಲ್ಲಿ ಉದುರಿದರೆ ತೇವ ಕಡಿಮೆ. ಉಂಡೆ ಕಟ್ಟಿ, ಬಿದ್ದೊಡನೆ ಪುಡಿಯಾಗಿ ಹರಡಿದರೆ ಹದ. ನನಗೆ ಒಂಬತ್ತು ಹತ್ತು ವಯಸ್ಸಿದ್ದಾಗ, ಒಂದು ವರ್ಷ ಮೃಗಶಿರೆಯಲ್ಲಿ ಒಂದು ದಿನ ಜೋರು ಮಳೆಯಾಯಿತು. ಮಾರನೆಯ ಬೆಳಗ್ಗೆಯೇ ಊರಿನ ಮೂಡಣ ಬಯಲಿನಲ್ಲಿ ನಾಲ್ಕಾರು ಕೂರಿಗೆಗಳು ಇಳಿದುವು. ತಾತ ಮಣ್ಣನ್ನು ನೋಡಿ, “ಮೇಲೆ ಮಾತ್ರ ನೆಂದಿದೆ ಕಣಪ್ಪ, ಒಳಗೆ ಇನ್ನೂ ಬಿಸಿ ಇದೆ. ಇನ್ನೊಂದು ಮಳೆ ನೋಡೋಣ” ಎಂದರು. ನಮ್ಮ ತಂದೆ ಒಳ್ಳೆಯ ಬೇಸಾಯಗಾರರೇ. ಆದರೆ ಆ ದಿನ ಅವರ ಕಣ್ಣು ನಮ್ಮ ಹೊಲದ ಮಣ್ಣಿನ ಮೇಲೆ ಇರಲಿಲ್ಲ, ಮೂಡಣ ಬಯಲಿನ ಕೂರಿಗೆಗಳ ಮೇಲೆ ಇತ್ತು. ಮಧ್ಯಾಹ್ನದ ಹೊತ್ತಿಗೆ ನಮ್ಮ ಕೂರಿಗೆಯೂ ಇಳಿಯಿತು.

ಪೈರು ಹುಟ್ಟಿತು, ಹಸಿರು ಗೆರೆ ಎಳೆದಂತೆ ಸಾಲುಸಾಲಾಗಿ ಚೆನ್ನಾಗಿಯೇ ಹುಟ್ಟಿತು. ಆಮೇಲೆ ಮೂರು ವಾರ ಹನಿ ಬೀಳಲಿಲ್ಲ. ಮೊಳಕೆಗಳು ಒಂದೊಂದಾಗಿ ಸುಟ್ಟ ನೂಲಿನಂತೆ ಮಲಗಿದುವು. ಬಿತ್ತನೆಗೆಂದು ಇಟ್ಟಿದ್ದ ರಾಗಿ ಮುಗಿದಿತ್ತು. ಮನೆಯ ಊಟಕ್ಕೆಂದು ಹಗೇವಿನಲ್ಲಿದ್ದುದನ್ನು ತೆಗೆದು ಎರಡನೆಯ ಸಲ ಬಿತ್ತಬೇಕಾಯಿತು. ಆ ವರ್ಷ ಸುಗ್ಗಿಗೆ ಮುಂಚಿನ ಎರಡು ತಿಂಗಳು ನಮ್ಮ ಮನೆಯಲ್ಲಿ ಒಂದು ಹೊತ್ತು ಗಂಜಿ. ತಾತ ಒಂದು ಮಾತನ್ನೂ ಆಡಲಿಲ್ಲ. ಪುನರ್ವಸು ಮಳೆ ಬಂದಾಗ ತಂದೆಯೇ ಅವರನ್ನು ಕೈಹಿಡಿದು ಹೊಲಕ್ಕೆ ಕರೆದುಕೊಂಡು ಹೋಗಿ, ಮಣ್ಣನ್ನು ತೆಗೆದು ಅವರ ಅಂಗೈಯಲ್ಲಿ ಇಟ್ಟು ನಿಂತರು. ‘ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು’ ಎಂಬ ಗಾದೆಯನ್ನು ಮುಂದೆ ನಾನು ಮೂವತ್ತು ವರ್ಷಗಳ ಕಾಲ ತರಗತಿಗಳಲ್ಲಿ ವಿವರಿಸಿದೆ. ವಿವರಿಸುವಾಗಲೆಲ್ಲ ಕಣ್ಣಿಗೆ ಕಟ್ಟುತ್ತಿದ್ದುದು ಆ ಅಂಗೈ.

ಹೊಲದಲ್ಲಿ ಹದ ತಪ್ಪಿದರೆ ಬೀಜವೂ ಬೆವರೂ ದಂಡವಾಗುತ್ತವೆ. ಪ್ರಾಣವನ್ನೇ ದಂಡವಾಗಿ ಕೇಳುವ ನೆಲವೊಂದು ಭೂಮಿಯ ದಕ್ಷಿಣದ ತುದಿಯಲ್ಲಿದೆ. ಅಲ್ಲಿಯೂ ಒಬ್ಬ ಮಹಾನಿಪುಣನು, ನಮ್ಮ ತಂದೆಯ ಹಾಗೆಯೇ, ಪಕ್ಕದವನ ಕೂರಿಗೆಯ ಕಡೆಗೆ ನೋಡಿ ಹದ ತಪ್ಪಿದನು. ಅವನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ರೋಆಲ್ಡ್ ಅಮುಂಡ್‌ಸೆನ್ ನಾರ್ವೆ ದೇಶದವನು, 1872ರಲ್ಲಿ ಹುಟ್ಟಿದವನು. ಹಿಮಪ್ರದೇಶಗಳ ಅನ್ವೇಷಣೆಯೇ ಅವನ ಬಾಳಿನ ಹವಣಿಕೆ. ತಾಳ್ಮೆಯೆಂದರೆ ಏನೆಂಬುದು ಅವನಿಗೆ ಚೆನ್ನಾಗಿ ತಿಳಿದಿತ್ತು. ಉತ್ತರ ಅಮೆರಿಕದ ನೆತ್ತಿಯ ಮೇಲೆ ಅಟ್ಲಾಂಟಿಕ್ ಸಾಗರದಿಂದ ಪೆಸಿಫಿಕ್ ಸಾಗರಕ್ಕೆ ಇರುವ ಜಲಮಾರ್ಗವನ್ನು ಹಡಗಿನಲ್ಲಿ ಮೊದಲು ದಾಟಿದವನು ಅವನೇ. 1903ರಲ್ಲಿ ಹೊರಟು 1906ರಲ್ಲಿ ಅದನ್ನು ಮುಗಿಸಿದನು. ನಡುವೆ ಒಂದೇ ಎಡೆಯಲ್ಲಿ ಎರಡು ಚಳಿಗಾಲಗಳನ್ನು ಕಳೆದನು. ಆ ಎರಡು ವರ್ಷಗಳು ಅವನಿಗೆ ವ್ಯರ್ಥವಾಗಲಿಲ್ಲ. ಅಲ್ಲಿಯ ಎಸ್ಕಿಮೋ ಜನರೆಂದು ಆಗ ಕರೆಯುತ್ತಿದ್ದ ಇನ್ಯುಯಿಟ್ ಜನರಿಂದ ತುಪ್ಪುಳಿನ ಉಡುಪನ್ನು ಹೇಗೆ ತೊಡಬೇಕು, ಜಾರುಬಂಡಿಗೆ ನಾಯಿಗಳನ್ನು ಹೇಗೆ ಕಟ್ಟಬೇಕು ಎಂಬುದನ್ನು ವಿದ್ಯಾರ್ಥಿಯಂತೆ ಕುಳಿತು ಕಲಿತನು. ಓದು ಬರಹ ಬಲ್ಲವನು ಓದು ಬರಹ ಅರಿಯದವರ ಮುಂದೆ ವಿದ್ಯಾರ್ಥಿಯಾಗಿ ಕೂಡುವುದು ಆ ಕಾಲದ ಯೂರೋಪಿನಲ್ಲಿ ಅಪರೂಪವಾಗಿತ್ತು. ಈ ಕಾಲದಲ್ಲಿಯೂ ಅಪರೂಪವೇ.

ಅವನು ಮುಟ್ಟಬೇಕೆಂದಿದ್ದುದು ಉತ್ತರ ಧ್ರುವವನ್ನು. ಆದರೆ 1909ರಲ್ಲಿ, ಅದನ್ನು ಆಗಲೇ ಮುಟ್ಟಿರುವೆವೆಂದು ಇಬ್ಬರು ಅಮೆರಿಕನ್ನರು ಸಾರಿದರು. ಎರಡನೆಯವನಾಗಿ ಹೋಗುವವನಿಗೆ ಹಣ ಕೊಡುವವರು ಯಾರು? ಸಾಲ ಮೈಮೇಲಿತ್ತು. ಅವನು ಗುಟ್ಟಾಗಿ ತನ್ನ ಗುರಿಯನ್ನು ದಕ್ಷಿಣ ಧ್ರುವಕ್ಕೆ ತಿರುಗಿಸಿದನು. ಇಂಗ್ಲೆಂಡಿನ ನೌಕಾಪಡೆಯ ಅಧಿಕಾರಿ ರಾಬರ್ಟ್ ಸ್ಕಾಟನು ಅದೇ ಗುರಿಯನ್ನು ಬಹಿರಂಗವಾಗಿ ಸಾರಿ ಹೊರಟಿದ್ದನು. ಹೀಗೆ ಒಂದೇ ಬಿಂದುವನ್ನು ಕುರಿತು ಎರಡು ತಂಡಗಳು ಹೊರಟಂತಾಯಿತು. ಮೊದಲು ಮುಟ್ಟಿದವನಿಗೆ ಕೀರ್ತಿ. ಎರಡನೆಯವನಿಗೆ ಏನೂ ಇಲ್ಲ. ಅಮುಂಡ್‌ಸೆನ್ನನಿಗಂತೂ ಗೆಲ್ಲದೆ ಊರಿಗೆ ಮುಖ ತೋರಿಸುವಂತಿರಲಿಲ್ಲ.

1911ರ ಜನವರಿಯಲ್ಲಿ ಅವನ ಹಡಗು ‘ಫ್ರಾಮ್’ ಅಂಟಾರ್ಕ್‌ಟಿಕ ಖಂಡದ ತಿಮಿಂಗಿಲಗಳ ಕೊಲ್ಲಿಯನ್ನು ಸೇರಿತು. ಸಮುದ್ರದ ಮೇಲೆ ಚಾಚಿಕೊಂಡಿರುವ ಹಿಮದ ಮಹಾಹಾಸಿನ ಅಂಚು ಅದು. ಅಲ್ಲಿಂದ ಧ್ರುವಕ್ಕೆ ಸುಮಾರು 1,300 ಕಿಲೋಮೀಟರ್. ಒಂದು ಮರದ ಮನೆಯನ್ನು ನಿಲ್ಲಿಸಿ, ಅಡಿಗೆಯವನೂ ಸೇರಿ ಒಂಬತ್ತು ಮಂದಿ ಅದರಲ್ಲಿ ಇಳಿದರು. ಸ್ಕಾಟನ ಬೀಡು ಅಲ್ಲಿಂದ ಸುಮಾರು 650 ಕಿಲೋಮೀಟರ್ ದೂರದ ಒಂದು ದ್ವೀಪದಲ್ಲಿತ್ತು.

ಭೂಮಿಯ ಆ ಭಾಗದಲ್ಲಿ ಋತುಗಳು ನಮಗೆ ತಿರುವುಮುರುವು. ನಮ್ಮ ಬೇಸಗೆಯಲ್ಲಿ ಅಲ್ಲಿ ಇರುಳು. ತಿಮಿಂಗಿಲಗಳ ಕೊಲ್ಲಿಯಲ್ಲಿ ಏಪ್ರಿಲ್ 21ರಂದು ಮುಳುಗಿದ ಸೂರ್ಯನು ಮತ್ತೆ ಮುಖ ತೋರಿಸುವುದು ಆಗಸ್ಟ್ 24ರಂದು. ನಾಲ್ಕು ತಿಂಗಳು ಕತ್ತಲೆ. ಪ್ರಯಾಣಕ್ಕೆ ತಕ್ಕ ಕಾಲವೆಂದರೆ ಅಕ್ಟೋಬರಿನ ನಡುವಿನಿಂದ ಫೆಬ್ರವರಿಯವರೆಗೆ ಮಾತ್ರ. ಅದಕ್ಕೆ ಮುಂಚೆ ಹೊರಟರೂ ಕೇಡು. ಅದನ್ನು ಮೀರಿ ಹೊರಗೆ ಉಳಿದರೂ ಕೇಡು. ಆ ಕೇಡು ಎಂತಹದೆಂಬುದನ್ನು ನಾವು ಇಲ್ಲಿ ಕುಳಿತು ಊಹಿಸುವುದು ಕಷ್ಟ. ಸಾಮಾನ್ಯವಾದ ಚಳಿಯಲ್ಲಿ ಜಾರುಬಂಡಿಯ ಪಟ್ಟಿ ಉಜ್ಜಿದಾಗ ಹಿಮದ ಮೇಲ್ಪದರವು ತುಸು ಕರಗಿ ಬಂಡಿ ಜಾರುತ್ತದೆ. ಸೊನ್ನೆಗಿಂತ ನಲವತ್ತು ಐವತ್ತು ಡಿಗ್ರಿ ಕೆಳಗೆ ಹೋದರೆ ಹಿಮವು ಕರಗುವುದೇ ಇಲ್ಲ. ಹರಳುಹರಳಾಗಿ ಮರಳಿನಂತೆ ನಿಲ್ಲುತ್ತದೆ. ಆಗ ಬಂಡಿಯನ್ನು ಎಳೆಯುವುದೆಂದರೆ ನದಿಯ ಮರಳಿನಲ್ಲಿ ಒರಳುಕಲ್ಲನ್ನು ಎಳೆದಂತೆ.

ಕತ್ತಲೆ ಕವಿಯುವ ಮೊದಲು, ಫೆಬ್ರವರಿಯಿಂದ ಏಪ್ರಿಲಿನ ಒಳಗೆ, ಅಮುಂಡ್‌ಸೆನ್ನನ ಜನರು ದಾರಿಯಲ್ಲಿ 80, 81, 82ನೆಯ ಅಕ್ಷಾಂಶಗಳಲ್ಲಿ ಮೂರು ಉಗ್ರಾಣಗಳನ್ನು ಕಟ್ಟಿದರು. ಮುಂದಿನ ಪ್ರಯಾಣಕ್ಕೆ ಬೇಕಾದ ಮೂರು ಟನ್ನಿನಷ್ಟು ಆಹಾರ ಮತ್ತು ಇಂಧನ ಅವುಗಳಲ್ಲಿತ್ತು. ಬಿಳಿಯ ಬಯಲಿನಲ್ಲಿ ಬಿಳಿಯ ಗುಡ್ಡೆಯನ್ನು ಹುಡುಕುವುದು ಹೇಗೆ? ಉಗ್ರಾಣದ ಮೂಡಲಿಗೂ ಪಡುವಲಿಗೂ ಅಡ್ಡಸಾಲಿನಲ್ಲಿ, ಕಿಲೋಮೀಟರುಗಟ್ಟಲೆ ದೂರದವರೆಗೆ ಬಾವುಟಗಳನ್ನು ನೆಟ್ಟರು. ಬರುವವನು ಮಂಜಿನಲ್ಲಿ ದಾರಿ ತಪ್ಪಿ ಪಕ್ಕಕ್ಕೆ ಸರಿದಿದ್ದರೂ ಯಾವುದಾದರೊಂದು ಬಾವುಟ ಅವನಿಗೆ ಎದುರಾಗಲೇಬೇಕು.

ಇನ್ನು ಆ ನಾಲ್ಕು ತಿಂಗಳ ಕತ್ತಲೆ. ನನಗೆ ಈ ಕಥೆಯಲ್ಲಿ ಧ್ರುವವನ್ನು ಮುಟ್ಟಿದ ದಿನಕ್ಕಿಂತ ಈ ಕತ್ತಲೆಯ ದಿನಗಳೇ ಹೆಚ್ಚು ಪ್ರಿಯವಾದವು. ಮನೆಯ ಸುತ್ತ ಹಿಮದಲ್ಲಿಯೇ ಗುಹೆಗಳನ್ನು ಕೊರೆದು ಅವುಗಳನ್ನು ಕಾರ್ಖಾನೆಗಳನ್ನಾಗಿ ಮಾಡಿಕೊಂಡರು. ಬ್ಯೋಲಾನ್ ಎಂಬುವನು ದೀಪದ ಬೆಳಕಿನಲ್ಲಿ ಜಾರುಬಂಡಿಗಳ ಮರವನ್ನು ಹೆರೆದು ಹೆರೆದು, ಬಲ ಕುಗ್ಗದಂತೆ, ಅವುಗಳ ತೂಕವನ್ನು ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿಸಿದನು. ಪೆಟ್ಟಿಗೆಗಳ ಹಲಗೆಗಳನ್ನೂ ತೆಳುವಾಗಿ ಹೆರೆದರು. ಪಾದರಕ್ಷೆಗಳು ಗಡುಸಾಗಿವೆಯೆಂದು ಬಿಚ್ಚಿ ಹೊಲಿದರು. ಸರಿಬರಲಿಲ್ಲವೆಂದು ಮತ್ತೆ ಬಿಚ್ಚಿ ಹೊಲಿದರು. ಸೀಮೆಎಣ್ಣೆಯ ಡಬ್ಬಗಳ ಮುಚ್ಚಳದ ಸಂದಿಯಿಂದ ಎಣ್ಣೆ ಆವಿಯಾಗಿ ಸೋರಿಹೋಗುವುದು ಹಿಂದಿನ ಯಾತ್ರಿಕರಿಗೆ ಅನುಭವವಾಗಿತ್ತು; ಆದುದರಿಂದ ಡಬ್ಬಗಳನ್ನೆಲ್ಲ ಬೆಸುಗೆ ಹಾಕಿ ಮುಚ್ಚಿದರು. ಸಣ್ಣ ಕೆಲಸಗಳು! ಯಾವ ಪತ್ರಿಕೆಯೂ ಇವುಗಳನ್ನು ದಪ್ಪ ಅಕ್ಷರಗಳಲ್ಲಿ ಅಚ್ಚುಹಾಕುವುದಿಲ್ಲ. ಆದರೆ ಕಾಯುವ ಕಾಲವನ್ನು ಹೀಗೆ ದುಡಿದವರು ಮಾತ್ರ ಹದ ಬಂದ ದಿನ ಹೊರಡಬಲ್ಲರು.

ಇಷ್ಟೆಲ್ಲ ಬಲ್ಲವನು ಎಡವಿದ್ದು ಇಲ್ಲಿಯೇ. ಆಗಸ್ಟ್ ತಿಂಗಳು ಮುಗಿಯುವ ಹೊತ್ತಿಗೆ ಬಂಡಿಗಳು ಹೊರೆ ಕಟ್ಟಿ ನಿಂತಿದ್ದುವು. ಕಾಯುವುದಕ್ಕೆ ಮಾತ್ರ ಕೆಲಸ ಉಳಿದಿರಲಿಲ್ಲ. ಸ್ಕಾಟನ ಬಳಿ ಮೋಟಾರಿನಿಂದ ಓಡುವ ಜಾರುಬಂಡಿಗಳಿವೆಯೆಂಬುದು ಅಮುಂಡ್‌ಸೆನ್ನನಿಗೆ ತಿಳಿದಿತ್ತು. ನಾಯಿಗೆ ಚಳಿಯಾಗುತ್ತದೆ, ದಣಿವಾಗುತ್ತದೆ, ಯಂತ್ರಕ್ಕೆ ದಣಿವುಂಟೆ? ಆ ಯಂತ್ರಗಳು ಆಗಲೇ ಧ್ರುವದ ಕಡೆಗೆ ಓಡುತ್ತಿದ್ದರೆ? ಈ ಯೋಚನೆ ಅವನ ನಿದ್ದೆಯನ್ನು ಕೆಡಿಸಿತು. ಜೊತೆಯವರಲ್ಲಿ ಯೋಹಾನ್ಸೆನ್ ಎಂಬ ಅನುಭವಿಯಿದ್ದನು. 1895ರಲ್ಲಿ ನಾನ್ಸೆನ್ನನೊಡನೆ ಉತ್ತರ ಧ್ರುವದ ಕಡೆಗೆ, ಅಲ್ಲಿಯವರೆಗೆ ಯಾರೂ ಹೋಗಿರದಷ್ಟು ದೂರ, 86 ಡಿಗ್ರಿ ದಾಟಿ ಹೋಗಿಬಂದಿದ್ದವನು ಅವನು. ಇನ್ನೂ ಕಾಲವಾಗಿಲ್ಲವೆಂದು ಅವನು ಹೇಳಿದನು. ನಾಯಕನು ಕೇಳಲಿಲ್ಲ. 1911ರ ಸೆಪ್ಟೆಂಬರ್ 8ರಂದು, ಅಡಿಗೆಯವನೊಬ್ಬನನ್ನು ಬಿಟ್ಟು ಉಳಿದ ಎಂಟು ಮಂದಿಯೂ ಹೊರಟರು.

ಮೊದಲ ದಿನಗಳು ಹಿತವಾಗಿದ್ದುವು. ಹದವಲ್ಲದ ಮಳೆಯೂ ಮೊದಲ ದಿನ ನೆಲವನ್ನು ತಣಿಸಿದಂತೆಯೇ ತೋರುತ್ತದೆ. ಮೂರನೆಯ ನಾಲ್ಕನೆಯ ದಿನಕ್ಕೆ ಚಳಿ ಸೊನ್ನೆಗಿಂತ ಕೆಳಗೆ 56 ಡಿಗ್ರಿಗೆ ಇಳಿಯಿತು. ದಿಕ್ಸೂಚಿಯೊಳಗಿನ ದ್ರವವು ಹೆಪ್ಪುಗಟ್ಟಿತು. ನಾಯಿಗಳ ಪಾದಗಳು ಬಿರಿದುವು. ಕೆಲವು ಮಲಗಿದಲ್ಲಿಂದ ಏಳಲಿಲ್ಲ. ಹೊದಿಕೆಗಳು ಉಸಿರಿನ ತೇವದಿಂದಲೇ ಹಲಗೆಯಂತಾದುವು. ಅಮುಂಡ್‌ಸೆನ್ನನು ಒಂದು ನಿರ್ಧಾರಕ್ಕೆ ಬಂದನು. 80ನೆಯ ಅಕ್ಷಾಂಶದ ಉಗ್ರಾಣದವರೆಗೆ ಹೋಗಿ, ಹೊರೆಯನ್ನು ಅಲ್ಲಿ ಇಳಿಸಿ, ಹಿಂದಕ್ಕೆ ಹೊರಟುಬಿಡುವುದು.

ಹಿಂದಿರುಗಿದ ಈ ನಿರ್ಧಾರವನ್ನು ಸೋಲೆಂದು ತಿಳಿಯಬಾರದು. ಇಂತಹುದೇ ಇನ್ನೊಂದು ನಿರ್ಧಾರ ಎರಡು ವರ್ಷಗಳ ಹಿಂದೆ ಅದೇ ಖಂಡದಲ್ಲಿ ನಡೆದಿತ್ತು. 1909ರ ಜನವರಿ 9ರಂದು ಷ್ಯಾಕಲ್ಟನ್ ಎಂಬ ಸಾಹಸಿಯು ಧ್ರುವಕ್ಕೆ ಇನ್ನು ಸುಮಾರು 180 ಕಿಲೋಮೀಟರ್ ಇದೆಯೆನ್ನುವಾಗ ನಿಂತನು. ಮುಂದೆ ಹೋದರೆ ಧ್ರುವವನ್ನು ಮುಟ್ಟಬಹುದಾಗಿತ್ತು. ಆದರೆ ಮರಳಿ ಬರುವಷ್ಟು ಆಹಾರವೂ ಇರಲಿಲ್ಲ, ಕಾಲವೂ ಇರಲಿಲ್ಲ. ಜೊತೆಗಿದ್ದ ಮೂವರನ್ನೂ ಬದುಕಿಸಿಕೊಂಡು ಅವನು ಹಿಂದಿರುಗಿದನು. ಗುರಿಯನ್ನು ಕಣ್ಣಳತೆಯಲ್ಲಿ ಬಿಟ್ಟುಬರಬಲ್ಲ ಎದೆಗಾರಿಕೆ ಸಾಮಾನ್ಯವಾದುದಲ್ಲ.

ಆದರೆ ಅಮುಂಡ್‌ಸೆನ್ನನ ಹಿಂದಿರುಗುವಿಕೆ ಷ್ಯಾಕಲ್ಟನ್ನನದರಷ್ಟು ಗೌರವದ್ದಾಗಿರಲಿಲ್ಲ. ಸೆಪ್ಟೆಂಬರ್ 16ರಂದು, ಮನೆಗೆ ಸುಮಾರು 75 ಕಿಲೋಮೀಟರ್ ಇರುವಾಗ, ಶಿಸ್ತು ಮುರಿದುಬಿತ್ತು. ಬಲವಾದ ನಾಯಿಗಳಿದ್ದ ಬಂಡಿಗಳು ಹಿಂದೆ ನೋಡದೆ ಓಡಿದುವು. ನಾಯಕನೇ ಮುಂದಿನ ಬಂಡಿಯಲ್ಲಿದ್ದನು. ಅವನು ಸಂಜೆಯ ಹೊತ್ತಿಗೆ ಮನೆ ಸೇರಿದನು. ಉಳಿದವರು ಒಬ್ಬೊಬ್ಬರಾಗಿ ಬಂದರು. ಪ್ರೆಸ್ಟ್ರುಡ್ ಎಂಬ ತರುಣನ ಕಾಲುಗಳು ಚಳಿಗೆ ಮರಗಟ್ಟಿದ್ದುವು, ನಾಯಿಗಳೂ ಸೋತಿದ್ದುವು. ಯೋಹಾನ್ಸೆನ್ನನು ಅವನಿಗಾಗಿ ಕಾದು ನಿಂತು, ಕತ್ತಲೆಯಲ್ಲಿ ಅವನ ಜೊತೆಯಲ್ಲಿಯೇ ಬಂದನು. ಆ ಇಬ್ಬರ ಬಳಿ ಆಹಾರವಿರಲಿಲ್ಲ, ಒಲೆ ಹೊತ್ತಿಸಲು ಎಣ್ಣೆಯೂ ಇರಲಿಲ್ಲ. ಅವರು ಮನೆ ಮುಟ್ಟಿದಾಗ ನಡುರಾತ್ರಿ ಕಳೆದಿತ್ತು.

ಮಾರನೆಯ ಬೆಳಗ್ಗೆ ಊಟದ ಮೇಜಿನ ಮುಂದೆ ಎಲ್ಲರೂ ಕುಳಿತಿರುವಾಗ ಯೋಹಾನ್ಸೆನ್ನನು ಮನಸ್ಸಿನಲ್ಲಿದ್ದುದನ್ನು ಆಡಿಬಿಟ್ಟನು. ಕಾಲವಲ್ಲದ ಕಾಲದಲ್ಲಿ ಹೊರಟುದು ತಪ್ಪು. ಜೊತೆಯವರನ್ನು ಹಿಮದಲ್ಲಿ ಬಿಟ್ಟು ಬಂದುದು ಅದಕ್ಕಿಂತ ದೊಡ್ಡ ತಪ್ಪು. ಇದು ನಾಯಕತ್ವವಲ್ಲ, ಗಾಬರಿ. ಮಾತು ನಿಜವಾಗಿತ್ತು. ಎಲ್ಲರ ಎದುರಿಗೆ ಆಡಿದ್ದರಿಂದ ಅದು ಇನ್ನೂ ಚುಚ್ಚಿತು. ಅಮುಂಡ್‌ಸೆನ್ನನು ಅದನ್ನು ಕ್ಷಮಿಸಲಿಲ್ಲ. ತಂಡವನ್ನು ಒಡೆದು, ಧ್ರುವಕ್ಕೆ ಐದು ಮಂದಿ ಮಾತ್ರ ಹೋಗುವುದೆಂದು ಗೊತ್ತುಮಾಡಿದನು. ಯೋಹಾನ್ಸೆನ್ನನನ್ನು ಪ್ರೆಸ್ಟ್ರುಡ್ಡನ ಕೈಕೆಳಗೆ ಬೇರೊಂದು ದಿಕ್ಕಿನ ಅನ್ವೇಷಣೆಗೆ ಕಳುಹಿಸಿದನು. ಯಾರ ಪ್ರಾಣವನ್ನು ಅವನು ಉಳಿಸಿದ್ದನೋ ಆ ಹುಡುಗನ ಕೈಕೆಳಗೆ! ಮುಂದೆ ಅಮುಂಡ್‌ಸೆನ್ನನು ಬರೆದ ಯಾತ್ರಾಗ್ರಂಥದಲ್ಲಿ ಈ ಜಗಳದ ಸುಳಿವೇ ಇಲ್ಲ. ಯೋಹಾನ್ಸೆನ್ನನು ಮನನೊಂದು ಊರಿಗೆ ಮರಳಿ, 1913ರ ಜನವರಿಯಲ್ಲಿ ತೀರಿಕೊಂಡನು. ಅಮುಂಡ್‌ಸೆನ್ನನನ್ನು ನಾನು ಬಹುವಾಗಿ ಮೆಚ್ಚುತ್ತೇನೆ; ಈ ಒಂದು ಸಂಗತಿಯನ್ನು ಮಾತ್ರ ಮೆಚ್ಚಲಾರೆ. ತಪ್ಪನ್ನು ತಿದ್ದಿಕೊಂಡವನು ತಪ್ಪನ್ನು ತೋರಿಸಿದವನನ್ನು ದೂರವಿಟ್ಟನು.

ತಿದ್ದಿಕೊಂಡುದು ನಿಜ. ಈ ಸಲ ಅವನು ಅಕ್ಟೋಬರಿನವರೆಗೆ ಕಾದನು. ಗಾಯಗೊಂಡ ಹಿಮ್ಮಡಿಗಳು ಮಾಗುವಷ್ಟು, ಪಾದರಕ್ಷೆಗಳನ್ನು ಇನ್ನೊಮ್ಮೆ ಹೊಲಿಯುವಷ್ಟು ಕಾಲ ಸಿಕ್ಕಿತು. ಅಕ್ಟೋಬರಿನ ಮೂರನೆಯ ವಾರದಲ್ಲಿ ಐದು ಮಂದಿ, ನಾಲ್ಕು ಬಂಡಿಗಳು, 52 ನಾಯಿಗಳು ಹೊರಟುವು. ನಾಲ್ಕಾರು ದಿನಗಳಲ್ಲಿ 80ನೆಯ ಅಕ್ಷಾಂಶವನ್ನು ಸೇರಿದರು. ಸೆಪ್ಟೆಂಬರಿನಲ್ಲಿ ಸೋತು ಇಳಿಸಿಹೋಗಿದ್ದ ಹೊರೆ ಅಲ್ಲಿ ಅವರಿಗಾಗಿ ಕಾದಿತ್ತು.

ಆಶ್ಚರ್ಯವೇನೆಂದರೆ, ಯಾವುದಕ್ಕಾಗಿ ಅಮುಂಡ್‌ಸೆನ್ನನು ಹೆದರಿದ್ದನೋ ಅದು ಇರಲೇ ಇಲ್ಲ. ಸ್ಕಾಟನ ಮೂರು ಮೋಟಾರು ಬಂಡಿಗಳಲ್ಲಿ ಒಂದು, ಹಡಗಿನಿಂದ ಇಳಿಸುವಾಗಲೇ ಹಿಮ ಒಡೆದು ಸಮುದ್ರದ ಪಾಲಾಗಿತ್ತು. ಉಳಿದೆರಡು, ಪ್ರಯಾಣ ಪ್ರಾರಂಭವಾದ ಕೆಲವೇ ದಿನಗಳಲ್ಲಿ ಕೆಟ್ಟು ನಿಂತುವು. ಸ್ಕಾಟನು ಹೆಚ್ಚಾಗಿ ನಂಬಿದ್ದುದು ಕುದುರೆಮರಿಗಳಷ್ಟೇ ಎತ್ತರದ ತಟ್ಟುಗಳನ್ನು. ಅವು ವಸಂತದ ಚಳಿಯನ್ನು ತಾಳಲಾರವು. ಆದುದರಿಂದ ಅವನು ನವೆಂಬರ್ 1ರ ವರೆಗೆ ಹೊರಡುವಂತೆಯೇ ಇರಲಿಲ್ಲ. ಸೆಪ್ಟೆಂಬರಿನ ಆ ಓಟ, ಸತ್ತ ನಾಯಿಗಳು, ಮುರಿದ ಸ್ನೇಹ, ಎಲ್ಲವೂ ಇಲ್ಲದ ಎದುರಾಳಿಯೊಡನೆ ನಡೆದ ಪಂದ್ಯ. ಮೂಡಣ ಬಯಲಿನಲ್ಲಿ ಮೃಗಶಿರೆಯಲ್ಲಿ ಬಿತ್ತಿದವರ ಪೈರೂ ಆ ವರ್ಷ ಒಣಗಿಯೇ ಹೋಯಿತೆಂಬುದನ್ನು ಇಲ್ಲಿ ಹೇಳಬಹುದು.

ಎರಡನೆಯ ಪ್ರಯಾಣದಲ್ಲಿ ಅಮುಂಡ್‌ಸೆನ್ನನು ಎಂದೂ ಓಡಲಿಲ್ಲ. ಹಿಮದ ಹಾಸಿನ ಮೇಲೆ ದಿನಕ್ಕೆ ಸುಮಾರು 30 ಕಿಲೋಮೀಟರ್ ಎಂದು ಮಿತಿಯಿಟ್ಟುಕೊಂಡನು. ಐದಾರು ಗಂಟೆಗಳಲ್ಲಿ ಅಷ್ಟು ದೂರ ಮುಗಿದುಹೋಗುತ್ತಿತ್ತು. ಇನ್ನೂ ಬಿಸಿಲಿದೆ, ನಾಯಿಗಳಿಗೆ ಬಲವಿದೆ. ಆದರೂ ಡೇರೆಯನ್ನು ಹೂಡಿ ಮಲಗುವುದು. ದಾರಿಯುದ್ದಕ್ಕೂ ಆಳೆತ್ತರದ 150 ಹಿಮದ ಗುರುತುಗಂಬಗಳನ್ನು ಕಟ್ಟಿದರು. ಅವುಗಳಿಗಾಗಿ ಕಡಿದ ಹಿಮದ ಇಟ್ಟಿಗೆಗಳು 9,000. ಗೆಲ್ಲಲು ಹೊರಟವನು ದಾರಿಯಲ್ಲಿ ನಿಂತು ಇಟ್ಟಿಗೆ ಕಡಿಯುತ್ತಿದ್ದನೆಂದರೆ, ಅವನ ಮನಸ್ಸು ಹೋಗುವುದರಲ್ಲಿ ಮಾತ್ರವಲ್ಲ, ಬರುವುದರಲ್ಲಿಯೂ ಇತ್ತೆಂದಾಯಿತು. ಇದರಲ್ಲಿ ಕಠೋರವಾದ ಭಾಗವೂ ಒಂದಿದೆ, ಅದನ್ನು ಮರೆಮಾಚಲಾಗದು. ಪರ್ವತಗಳನ್ನು ಹತ್ತಿ ಮುಗಿಸಿದ ಮೇಲೆ 24 ನಾಯಿಗಳನ್ನು ಕೊಂದು ಉಳಿದ ನಾಯಿಗಳಿಗೂ ಮನುಷ್ಯರಿಗೂ ಆಹಾರ ಮಾಡಿಕೊಂಡರು. ಅದೂ ಮೊದಲೇ ಹಾಕಿದ್ದ ಲೆಕ್ಕ. ಎಳೆದು ತಂದ ಪ್ರಾಣಿಗಳನ್ನು ಹಾಗೆ ಕೊಂದುದನ್ನು ಓದುವಾಗ ಮನಸ್ಸು ಹಿಂಜರಿಯುತ್ತದೆ. ಅವರ ಮನಸ್ಸೂ ಹಿಂಜರಿದಿತ್ತು.

1911ರ ಡಿಸೆಂಬರ್ 14ರಂದು ಅವರು ಧ್ರುವವನ್ನು ಸೇರಿದರು. ಸೇರಿದೊಡನೆ ಹೊರಟುಬರಲಿಲ್ಲ. ಅಲ್ಲಿ ಬೆಟ್ಟವಿಲ್ಲ, ಗುರುತಿನ ಕಲ್ಲಿಲ್ಲ; ಬಯಲಿನ ನಡುವೆ ಒಂದು ಬಿಂದು. ಸೂರ್ಯನ ಎತ್ತರವನ್ನು ಮತ್ತೆ ಮತ್ತೆ ಅಳೆದು, ಸುತ್ತಲೂ ನಡೆದು, ಸಂಶಯಕ್ಕೆ ಎಡೆಯಿಲ್ಲವೆಂದಾದ ಮೇಲೆ ಒಂದು ಚಿಕ್ಕ ಡೇರೆಯನ್ನು ನಿಲ್ಲಿಸಿ ಹಿಂದಿರುಗಿದರು. ಇದಕ್ಕೆ ಮೂರು ದಿನಗಳು ಹಿಡಿದುವು.

1912ರ ಜನವರಿ 17ರಂದು ಸ್ಕಾಟನೂ ಅವನ ನಾಲ್ವರು ಜೊತೆಗಾರರೂ ತಾವೇ ಬಂಡಿಯನ್ನು ಎಳೆದುಕೊಂಡು ಅಲ್ಲಿಗೆ ಬಂದರು, ಡೇರೆಯನ್ನು ಕಂಡರು. ಮರಳುವ ದಾರಿಯಲ್ಲಿ ಫೆಬ್ರವರಿ ಕಳೆಯಿತು, ಮಾರ್ಚ್ ಬಂತು. ಋತು ಮುಗಿದಿತ್ತು. ಚಳಿ ಸೊನ್ನೆಗಿಂತ ಕೆಳಗೆ 40 ಡಿಗ್ರಿಯವರೆಗೆ ಇಳಿಯುತ್ತಿತ್ತು, ಹಿಮವು ಮರಳಾಗಿತ್ತು, ಉಗ್ರಾಣಗಳ ಎಣ್ಣೆಯ ಡಬ್ಬಗಳು ಅರೆಬರೆ ಖಾಲಿಯಾಗಿದ್ದುವು. ದಾರಿಯಲ್ಲಿ ಇಬ್ಬರು ಸತ್ತರು. ಉಳಿದ ಮೂವರು ದೊಡ್ಡ ಉಗ್ರಾಣವೊಂದಕ್ಕೆ ಸುಮಾರು 18 ಕಿಲೋಮೀಟರ್ ಇರುವಾಗ ಹಿಮದ ಬಿರುಗಾಳಿಗೆ ಸಿಕ್ಕಿ ಡೇರೆಯಲ್ಲಿಯೇ ಕೊನೆಯುಸಿರೆಳೆದರು. ಆ ಉಗ್ರಾಣವನ್ನು ಹಿಂದಿನ ವರ್ಷ ಗೊತ್ತುಮಾಡಿದ್ದ ಎಡೆಗಿಂತ ಐವತ್ತು ಕಿಲೋಮೀಟರಿಗೂ ಹೆಚ್ಚು ಈಚೆಗೇ ಕಟ್ಟಿ ಹಿಂದಿರುಗಿದ್ದರು. ತಟ್ಟುಗಳು ಬಳಲಿವೆಯೆಂದು ಸ್ಕಾಟನು ಕನಿಕರಪಟ್ಟಿದ್ದೇ ಅದಕ್ಕೆ ಕಾರಣ. ಸ್ಕಾಟನ ದಿನಚರಿಯ ಕೊನೆಯ ಪುಟದ ತಾರೀಖು ಮಾರ್ಚ್ 29.

ತರಗತಿಯಲ್ಲಿ ಈ ಕಥೆಯನ್ನು ಹೇಳಿದಾಗ, ಸ್ಕಾಟನು ದಡ್ಡನೆಂದು ಕೆಲವು ಹುಡುಗರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಅವನ ತಂಡದವರು ವಿಜ್ಞಾನಕ್ಕಾಗಿಯೂ ಹೋದವರು. ಸಾಯುವ ಡೇರೆಯವರೆಗೆ ಅವರು ಎಳೆದುತಂದಿದ್ದ ಬಂಡಿಯಲ್ಲಿ 16 ಕಿಲೋಗ್ರಾಮಿನಷ್ಟು ಕಲ್ಲುಗಳಿದ್ದುವು. ಅವುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಸಸ್ಯದ ಎಲೆಗಳ ಅಚ್ಚು ಮೂಡಿತ್ತು. ಅದೇ ಸಸ್ಯದ ಪಳೆಯುಳಿಕೆಗಳು ನಮ್ಮ ದೇಶದ ಕಲ್ಲಿದ್ದಲ ಗಣಿಗಳಲ್ಲಿಯೂ ದೊರೆಯುತ್ತವೆ. ಬಹು ಹಿಂದೆ ಆ ಖಂಡವೂ ನಮ್ಮ ನೆಲವೂ ಕೂಡಿಕೊಂಡಿದ್ದುವೆಂಬುದಕ್ಕೆ ಸಾಕ್ಷಿ ಹೇಳುವ ಕಲ್ಲುಗಳು ಅವು. ಹೊರೆಯನ್ನು ಇಳಿಸಿ ಹಗುರಾಗಬೇಕಾದ ಹೊತ್ತಿನಲ್ಲಿ ಅವನ್ನು ಕೆಳಗೆ ಎಸೆಯಲು ಅವರಿಗೆ ಮನಸ್ಸು ಬರಲಿಲ್ಲ. ಇದನ್ನು ತಾಳ್ಮೆ ಎನ್ನಬೇಕೋ ಹಟ ಎನ್ನಬೇಕೋ ನೀವೇ ಯೋಚಿಸಿರಿ.

ಸ್ಕಾಟನು ಇನ್ನೂ ಹಿಮದ ಮೇಲೆ ಬಂಡಿಯನ್ನು ಎಳೆಯುತ್ತಿದ್ದಾಗಲೇ, 1912ರ ಜನವರಿ 25ರಂದು, ಅಮುಂಡ್‌ಸೆನ್ನನ ತಂಡ ತಿಮಿಂಗಿಲಗಳ ಕೊಲ್ಲಿಗೆ ಮರಳಿತು. ಹೊರಟು 99 ದಿನಗಳಾಗಿದ್ದುವು. ಐವರೂ ಕ್ಷೇಮ, ನಾಯಿಗಳಲ್ಲಿ ಉಳಿದವು ಹನ್ನೊಂದು. ಆಗ ಬೆಳಗಿನ ಜಾವ ನಾಲ್ಕು ಗಂಟೆ. ಯಾರಿಗೂ ಸದ್ದು ಕೇಳಿಸದಂತೆ ಬಾಗಿಲನ್ನು ತೆರೆದು ಒಳಗೆ ಹೋದರು. ಅಡಿಗೆಯವನನ್ನು ಎಬ್ಬಿಸಿ, ಕಾಫಿ ಇದೆಯೇ ಎಂದು ಅಮುಂಡ್‌ಸೆನ್ನನು ಕೇಳಿದನು. ಮಾತು ಕೇಳಿ ಹಾಸಿಗೆಗಳಲ್ಲಿ ಮಲಗಿದ್ದ ನಾಲ್ವರೂ ಎದ್ದು ಕುಳಿತರು. ಆ ನಾಲ್ವರಲ್ಲಿ ಯೋಹಾನ್ಸೆನ್ನನೂ ಒಬ್ಬನು.